ತುಮಕೂರು ಸೀಮೆಯ ಮೇಲಣ ಅಯಾನುಗೋಳ: ನೆಲದ ರೇಡಾರುಗಳು ಕಂಡಂತೆ

ಪೀಠಿಕೆ

ಭೂಮಿಯ ಮೇಲ್ಮೈಯಿಂದ ಸುಮಾರು 60 ಕಿ.ಮೀ. ಎತ್ತರದಲ್ಲಿ ತೊಡಗಿ ಸಾವಿರ ಕಿ.ಮೀ.ವರೆಗೆ ಹರಡಿರುವ ವಾಯುಮಂಡಲದ ಭಾಗದಲ್ಲಿ ಸೂರ್ಯನ ನೇರಳಾತೀತ ಕಿರಣಗಳೂ ಕ್ಷ-ಕಿರಣಗಳೂ ಅನಿಲದ ಕಣಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಹೀಗೆ ಬಿಡುಗಡೆಯಾದ ಎಲೆಕ್ಟ್ರಾನುಗಳೂ ಧನಾವೇಶದ ಅಯಾನುಗಳೂ ಬೆರೆತಿರುವ ಈ ವಲಯಕ್ಕೆ ಅಯಾನುಗೋಳವೆಂದು ಹೆಸರು. ಅದು ಕಣ್ಣಿಗೆ ಕಾಣುವುದಿಲ್ಲ. ವಿಮಾನವಾಗಲಿ ಬಲೂನಾಗಲಿ ಅಲ್ಲಿಗೆ ತಲುಪುವುದಿಲ್ಲ. ರಾಕೆಟ್ ತಲುಪಿದರೂ ಕೆಲವೇ ನಿಮಿಷಗಳಲ್ಲಿ ಹಾದುಹೋಗುತ್ತದೆ. ಹಗಲಿರುಳೂ ಒಂದೇ ಸ್ಥಳದಿಂದ ಅದನ್ನು ಗಮನಿಸುತ್ತಿರಲು ನೆಲದಲ್ಲಿ ನಿಂತ ರೇಡಿಯೋ ಉಪಕರಣಗಳು, ವಿಶೇಷವಾಗಿ ರೇಡಾರುಗಳು, ಮುಖ್ಯ ಸಾಧನಗಳಾಗಿವೆ.

ಪ್ರಸ್ತುತ ಲೇಖನದಲ್ಲಿ ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್‌ಗಳ ಮೇಲಣ ಆಕಾಶವನ್ನು ನಿದರ್ಶನವಾಗಿಟ್ಟುಕೊಂಡು ಈ ಅಧ್ಯಯನದ ಕ್ರಮವನ್ನೂ ಪ್ರಯೋಜನವನ್ನೂ ವಿವೇಚಿಸಲಾಗಿದೆ. ಈ ಊರುಗಳಿಗೆ ಸಮೀಪದ ದೊಡ್ಡ ವಾಯುಮಂಡಲ ರೇಡಾರ್ ಎಂದರೆ ತಿರುಪತಿಯ ಬಳಿಯ ಗಾದಂಕಿಯದು. ನೇರ ಅಳತೆಯಲ್ಲಿ ಅದು ತುಮಕೂರಿನಿಂದ ಸುಮಾರು 225 ಕಿ.ಮೀ. ಪೂರ್ವಕ್ಕಿದೆ. ಅಷ್ಟು ದೂರದ ಉಪಕರಣ ಕಂಡ ಸಂಗತಿ ಇಲ್ಲಿನ ಆಕಾಶಕ್ಕೆ ಯಾವಾಗ ಅನ್ವಯಿಸುತ್ತದೆ, ಯಾವಾಗ ಅನ್ವಯಿಸುವುದಿಲ್ಲ, ಅನ್ವಯಿಸದಿದ್ದಾಗ ಏನು ಮಾಡಬೇಕು ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಹೊಲದ ಹದ್ದುಬಸ್ತಿನಿಂದ ಹೆಲಿಕಾಪ್ಟರ್ ಹಾರಾಟದವರೆಗೆ ಅನೇಕ ಕೆಲಸಗಳು ಇಂದು ಉಪಗ್ರಹಗಳ ಸಂಕೇತವನ್ನು ನಂಬಿವೆ. ಆ ಸಂಕೇತಗಳೆಲ್ಲ ಅಯಾನುಗೋಳವನ್ನು ದಾಟಿಯೇ ನೆಲಕ್ಕೆ ಬರಬೇಕು. ಆದಕಾರಣ ಈ ಪ್ರಶ್ನೆಗೆ ಶಾಸ್ತ್ರೀಯ ಆಸಕ್ತಿಯ ಜೊತೆಗೆ ಲೌಕಿಕ ಮಹತ್ವವೂ ಇದೆ.

ಅಯಾನುಗೋಳದ ಪದರಗಳು

ಅಯಾನುಗೋಳವನ್ನು ಸ್ಥೂಲವಾಗಿ ಮೂರು ಪದರಗಳಾಗಿ ವಿಂಗಡಿಸುವುದು ರೂಢಿ. 60ರಿಂದ 90 ಕಿ.ಮೀ.ವರೆಗಿನದು ‘ಡಿ’ ಪದರ; 90ರಿಂದ 150 ಕಿ.ಮೀ.ವರೆಗಿನದು ‘ಇ’ ಪದರ. ಅದರಿಂದಾಚೆಗಿನದು ‘ಎಫ್’ ಪದರ. ಎಲೆಕ್ಟ್ರಾನುಗಳ ಸಾಂದ್ರತೆ ‘ಎಫ್’ ಪದರದಲ್ಲಿ, ಸುಮಾರು 300 ಕಿ.ಮೀ. ಆಸುಪಾಸಿನಲ್ಲಿ, ಅತ್ಯಧಿಕವಾಗಿರುತ್ತದೆ. ಹಗಲಿನಲ್ಲಿ ಅಲ್ಲಿ ಒಂದು ಘನಮೀಟರಿಗೆ ಒಂದು ಲಕ್ಷ ಕೋಟಿ ಎಲೆಕ್ಟ್ರಾನುಗಳಿರುವುದು ಸಾಮಾನ್ಯ.

ಈ ಪದರಗಳ ಪ್ರಭಾವವನ್ನು ರೇಡಿಯೋ ಕೇಳುತ್ತಿದ್ದ ನಮ್ಮ ಜನರೆಲ್ಲ ಅರಿಯದೆಯೇ ಅನುಭವಿಸಿದ್ದಾರೆ. ಹಗಲಿನಲ್ಲಿ ಮಧ್ಯಮ ತರಂಗದಲ್ಲಿ ಹತ್ತಿರದ ನಿಲಯ ಮಾತ್ರ ಕೇಳಿಸುತ್ತಿದ್ದ ರೇಡಿಯೋದಲ್ಲಿ ಹೊತ್ತು ಮುಳುಗಿದ ಮೇಲೆ ದೂರದೂರದ ನಿಲಯಗಳು ಕೇಳಿಸತೊಡಗುತ್ತಿದ್ದವು. ಹಗಲಿನಲ್ಲಿ ‘ಡಿ’ ಪದರವು ಆ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯಾಸ್ತದೊಂದಿಗೆ ಆ ಪದರ ಬಹುಮಟ್ಟಿಗೆ ಅಳಿದುಹೋಗುವುದರಿಂದ ಅಲೆಗಳು ಮೇಲಿನ ಪದರಗಳನ್ನು ತಲುಪಿ, ಅಲ್ಲಿಂದ ಬಾಗಿ ನೂರಾರು ಕಿ.ಮೀ. ಆಚೆ ನೆಲಕ್ಕಿಳಿಯುತ್ತವೆ. ಸಿಲೋನ್ ರೇಡಿಯೋದ ಕಿರುತರಂಗ ಪ್ರಸಾರವು ಸಮುದ್ರ ದಾಟಿ ನಮ್ಮ ಹಳ್ಳಿಗಳಿಗೆ ಬರುತ್ತಿದ್ದುದೂ ‘ಎಫ್’ ಪದರದ ಇಂಥ ನೆರವಿನಿಂದಲೇ.

ಪ್ರತಿಧ್ವನಿಯಿಂದ ಎತ್ತರವನ್ನು ಅಳೆದದ್ದು

1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೋ ಸಂಕೇತವನ್ನು ಕಳುಹಿಸಿದಾಗ, ನೇರವಾಗಿ ಚಲಿಸಬೇಕಾದ ಅಲೆ ಭೂಮಿಯ ಬಾಗನ್ನು ಅನುಸರಿಸಿದ್ದು ಹೇಗೆಂಬ ಸಮಸ್ಯೆ ಹುಟ್ಟಿತು. ಮರುವರ್ಷವೇ ಕೆನೆಲಿ ಮತ್ತು ಹೆವಿಸೈಡ್ ಎಂಬಿಬ್ಬರು ಮೇಲಣ ವಾಯುವಿನಲ್ಲಿ ವಿದ್ಯುದ್ವಾಹಕ ಪದರವೊಂದು ಇರಬೇಕೆಂದು ಪ್ರತ್ಯೇಕವಾಗಿ ಊಹಿಸಿದರು. 1924ರಲ್ಲಿ ಆಪಲ್‌ಟನ್ ಮತ್ತು ಬಾರ್ನೆಟ್ ಆ ಪದರವನ್ನು ಪ್ರಯೋಗದಿಂದ ಸಿದ್ಧಪಡಿಸಿದರು. 1925ರಲ್ಲಿ ಅಮೆರಿಕದ ಬ್ರೈಟ್ ಮತ್ತು ಟೂವ್ ಕಿರು ಮಿಡಿತಗಳ ರೂಪದಲ್ಲಿ ರೇಡಿಯೋ ಅಲೆಗಳನ್ನು ಮೇಲಕ್ಕೆ ಕಳುಹಿಸಿ, ಅವು ಮರಳಲು ಹಿಡಿದ ಕಾಲದಿಂದ ಪದರದ ಎತ್ತರವನ್ನು ಅಳೆದರು. ರೇಡಾರ್ ಎಂಬ ಹೆಸರು ಹುಟ್ಟುವ ಮೊದಲೇ ರೇಡಾರಿನ ತತ್ತ್ವ ಅಯಾನುಗೋಳದ ಮೇಲೆ ಪ್ರಯೋಗವಾಗಿತ್ತು. ಭಾರತದಲ್ಲಿ 1930ರ ದಶಕದಿಂದ ಕಲ್ಕತ್ತೆಯಲ್ಲಿ ಶಿಶಿರ ಕುಮಾರ ಮಿತ್ರ ಅವರ ಬಳಗ ಈ ಕಾರ್ಯವನ್ನು ಬೆಳೆಸಿತು. 1947ರಲ್ಲಿ ಪ್ರಕಟವಾದ ಅವರ ‘ದಿ ಅಪ್ಪರ್ ಅಟ್ಮಾಸ್ಫಿಯರ್’ ಗ್ರಂಥ ಪ್ರಪಂಚದೆಲ್ಲೆಡೆ ಆಕರಗ್ರಂಥವಾಯಿತು.

ಈ ಮಾರ್ಗದಲ್ಲಿ ರೂಪುಗೊಂಡ ಉಪಕರಣ ಅಯನೋಸೋಂಡ್. ಅದು ಸುಮಾರು ಒಂದರಿಂದ ಇಪ್ಪತ್ತು ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳನ್ನು ಒಂದಾದ ಮೇಲೊಂದರಂತೆ ಮೇಲಕ್ಕೆ ಕಳುಹಿಸುತ್ತದೆ. 300 ಕಿ.ಮೀ. ಎತ್ತರದಿಂದ ಮರಳುವ ಅಲೆಗೆ ಒಂದು ಸೆಕೆಂಡಿನ ಐನೂರನೆಯ ಒಂದು ಭಾಗದಷ್ಟು ಕಾಲ ಸಾಕು. ಎಲೆಕ್ಟ್ರಾನುಗಳು ದಟ್ಟವಾದಷ್ಟೂ ಹೆಚ್ಚಿನ ಆವೃತ್ತಿಯ ಅಲೆ ಹಿಂದಿರುಗುತ್ತದೆ. ಘನಮೀಟರಿಗೆ ಒಂದು ಲಕ್ಷ ಕೋಟಿ ಎಲೆಕ್ಟ್ರಾನುಗಳಿದ್ದರೆ ಸುಮಾರು 9 ಮೆಗಾಹರ್ಟ್ಸ್‌ವರೆಗಿನ ಅಲೆಗಳು ಮರಳುತ್ತವೆ. ಅದಕ್ಕಿಂತ ಹೆಚ್ಚಿನವು ಪದರವನ್ನು ಭೇದಿಸಿ ಆಚೆಗೆ ಹೋಗುತ್ತವೆ. ಕೊಡೈಕನಾಲ್ ವೀಕ್ಷಣಾಲಯದಲ್ಲಿ 1950ರ ದಶಕದಿಂದಲೇ ಇಂಥ ಅಳತೆಗಳು ನಡೆದಿವೆ. ಆದರೆ ಅಯನೋಸೋಂಡಿಗೆ ಒಂದು ಮಿತಿಯಿದೆ: ಅದು ‘ಎಫ್’ ಪದರದ ತುತ್ತತುದಿಯವರೆಗಿನ ಕೆಳಭಾಗವನ್ನು ಮಾತ್ರ ಕಾಣಬಲ್ಲದು. ತುದಿಯ ಆಚೆ ನಡೆಯುವುದನ್ನು ಕಾಣಲು ಬೇರೆ ರೀತಿಯ ರೇಡಾರ್ ಬೇಕಾಗುತ್ತದೆ.

ಗಾದಂಕಿಯ ರೇಡಾರ್

ಅಯಾನುಗೋಳವನ್ನು ಭೇದಿಸಿ ಹೋಗುವ ಅಧಿಕ ಆವೃತ್ತಿಯ ಅಲೆಯಲ್ಲೂ ಒಂದು ಅತ್ಯಲ್ಪ ಅಂಶ ಹಿಂದಕ್ಕೆ ಚದರುತ್ತದೆ. ಬಿಡಿ ಎಲೆಕ್ಟ್ರಾನುಗಳಿಂದಾಗುವ ಚದರಿಕೆಯನ್ನು ಹಿಡಿಯಬಹುದೆಂದು ಗಾರ್ಡನ್ 1958ರಲ್ಲಿ ತೋರಿಸಿದರು. ಅದಕ್ಕೆ ಪೆರು ದೇಶದ ಹಿಕಮಾರ್ಕದಲ್ಲಿರುವಂಥ ಅತಿ ದೊಡ್ಡ ರೇಡಾರುಗಳು ಬೇಕು. ಎರಡನೆಯ ಬಗೆ ಇದಕ್ಕಿಂತ ಸುಲಭವಾದುದು. ಎಲೆಕ್ಟ್ರಾನುಗಳ ಸಾಂದ್ರತೆಯಲ್ಲಿ ಸಾಲುಸಾಲಾದ ಏರುಪೇರುಗಳಿದ್ದು, ಸಾಲುಗಳ ನಡುವಿನ ಅಂತರ ರೇಡಾರಿನ ಅಲೆಯುದ್ದದ ಅರ್ಧದಷ್ಟಿದ್ದರೆ, ಚದರಿದ ಅಲೆಗಳು ಒಂದಕ್ಕೊಂದು ಕೂಡಿ ಪ್ರಬಲ ಪ್ರತಿಧ್ವನಿಯಾಗುತ್ತವೆ.

ಗಾದಂಕಿಯ ಎಂ.ಎಸ್.ಟಿ. ರೇಡಾರ್ ಈ ಎರಡನೆಯ ಬಗೆಯದು. ಮಧ್ಯಗೋಳ, ಸ್ತರಗೋಳ, ಪರಿವರ್ತನಗೋಳ ಎಂಬ ಮೂರು ವಲಯಗಳ ಇಂಗ್ಲಿಷ್ ಹೆಸರುಗಳ ಆದ್ಯಕ್ಷರಗಳಿಂದ ಈ ಹೆಸರು ಬಂದಿದೆ. ಕನ್ನಡಿಗರೇ ಆದ ಯು. ಆರ್. ರಾವ್ ಅವರು ಇಸ್ರೋ ಅಧ್ಯಕ್ಷರಾಗಿದ್ದ ಅವಧಿಯಲ್ಲಿ, ಕೇಂದ್ರ ಸರ್ಕಾರದ ಹಲವು ವಿಜ್ಞಾನ ಇಲಾಖೆಗಳ ಸಹಯೋಗದಿಂದ ಇದು ನಿರ್ಮಾಣಗೊಂಡು 1990ರ ದಶಕದ ಆರಂಭದಲ್ಲಿ ಕೆಲಸ ಮಾಡತೊಡಗಿತು. ಇದನ್ನು ನಡೆಸುವ ಸಂಸ್ಥೆ 2005ರಲ್ಲಿ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯವೆಂಬ ಹೆಸರು ಪಡೆಯಿತು. ಒಂದೊಂದು ಬದಿಗೆ ಸುಮಾರು 130 ಮೀಟರು ಅಳತೆಯ ಚೌಕದಲ್ಲಿ 32 ಸಾಲುಗಳಲ್ಲಿ 32ರಂತೆ 1,024 ಆಂಟೆನಾಗಳನ್ನು ನೆಟ್ಟಿದ್ದಾರೆ. ಮೊದಲ ರೂಪದಲ್ಲಿ ಅದರ ಮಿಡಿತದ ಶಿಖರಶಕ್ತಿ ಎರಡೂವರೆ ಮೆಗಾವ್ಯಾಟ್‌ನಷ್ಟಿತ್ತು. ಆವೃತ್ತಿ 53 ಮೆಗಾಹರ್ಟ್ಸ್, ಅಲೆಯುದ್ದ 5.66 ಮೀಟರು. ಆದ್ದರಿಂದ ಈ ರೇಡಾರ್ ಗುರುತಿಸುವುದು 2.83 ಮೀಟರು ಅಂತರದ ಏರುಪೇರುಗಳನ್ನು.

ಎತ್ತರದ ಜೊತೆಗೆ ವೇಗವೂ ಈ ರೇಡಾರಿನಿಂದ ತಿಳಿಯುತ್ತದೆ. ಪ್ರತಿಧ್ವನಿ ಕೊಡುವ ವಸ್ತು ಚಲಿಸುತ್ತಿದ್ದರೆ ಮರಳಿದ ಅಲೆಯ ಆವೃತ್ತಿ ಅಲ್ಪ ವ್ಯತ್ಯಾಸ ಹೊಂದುತ್ತದೆ. ಸೆಕೆಂಡಿಗೆ 100 ಮೀಟರು ವೇಗದಲ್ಲಿ ಸಮೀಪಿಸುವ ವಸ್ತುವಿನಿಂದ ಬಂದ ಅಲೆಯಲ್ಲಿ ಆ ವ್ಯತ್ಯಾಸ ಸುಮಾರು 35 ಹರ್ಟ್ಸ್. ಐದು ಕೋಟಿ ಮೂವತ್ತು ಲಕ್ಷದಲ್ಲಿ ಮೂವತ್ತೈದರಷ್ಟು ಸೂಕ್ಷ್ಮವಾದ ಈ ಬದಲಾವಣೆಯನ್ನು ಅಳೆಯುವುದರಲ್ಲಿಯೇ ಉಪಕರಣದ ಸಾರ್ಥಕ್ಯವಿದೆ.

ಅಯಾನುಗೋಳದ ಏರುಪೇರುಗಳು ಭೂಕಾಂತ ಕ್ಷೇತ್ರದ ರೇಖೆಗಳ ಉದ್ದಕ್ಕೆ ಎಳೆಗಳಂತೆ ಚಾಚಿರುತ್ತವೆ. ಅವುಗಳ ಪ್ರತಿಧ್ವನಿ ಪಡೆಯಬೇಕಾದರೆ ರೇಡಾರಿನ ಕಿರಣವು ಆ ರೇಖೆಗಳಿಗೆ ಲಂಬವಾಗಿರಬೇಕು. ಗಾದಂಕಿಯಲ್ಲಿ ಕಾಂತರೇಖೆಗಳು ಉತ್ತರಕ್ಕೆ ಸುಮಾರು 13 ಡಿಗ್ರಿ ಕೆಳಬಾಗಿರುವುದರಿಂದ, ಅಯಾನುಗೋಳವನ್ನು ನೋಡುವಾಗ ಕಿರಣವನ್ನು ನೆತ್ತಿಯಿಂದ ಉತ್ತರಕ್ಕೆ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ವಾಲಿಸುತ್ತಾರೆ.

ಒಂದೇ ಅಕ್ಷಾಂಶದ ಎರಡು ಆಕಾಶಗಳು

ಗಾದಂಕಿಯ ಅಕ್ಷಾಂಶ 13.5 ಡಿಗ್ರಿ ಉತ್ತರ, ತುಮಕೂರಿನದು 13.3, ಗುಬ್ಬಿಯದೂ 13.3, ಕುಣಿಗಲ್‌ನದು 13.0. ದಕ್ಷಿಣ ಭಾರತದಲ್ಲಿ ಭೂಕಾಂತ ಕ್ಷೇತ್ರದ ಸ್ವರೂಪ ಪ್ರಧಾನವಾಗಿ ಅಕ್ಷಾಂಶವನ್ನು ಅನುಸರಿಸುವುದರಿಂದ ಈ ಎಲ್ಲ ಸ್ಥಳಗಳೂ ಕಾಂತೀಯ ವಿಷುವದ್ರೇಖೆಯಿಂದ ಹೆಚ್ಚುಕಡಿಮೆ ಸಮಾನ ದೂರದಲ್ಲಿ, ಅಂದರೆ ಆರೇಳು ಡಿಗ್ರಿ ಉತ್ತರದಲ್ಲಿವೆ. 1963ರಲ್ಲಿ ರಾಕೆಟ್ ಉಡಾವಣೆಗೆ ತುಂಬಾ ಗ್ರಾಮವನ್ನು ಆರಿಸಿಕೊಂಡದ್ದು ಅದು ಆ ರೇಖೆಯ ಸಮೀಪದಲ್ಲಿದ್ದ ಕಾರಣಕ್ಕೆ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಸಾಮ್ಯದಿಂದಾಗಿ ಗಾದಂಕಿಯ ಹಗಲಿನ ಅವಲೋಕನಗಳು ತುಮಕೂರಿಗೆ ಬಹುಮಟ್ಟಿಗೆ ಒಪ್ಪುತ್ತವೆ. ಉಭಯ ಸ್ಥಳಗಳ ರೇಖಾಂಶದಲ್ಲಿ ಸುಮಾರು 2.1 ಡಿಗ್ರಿ ಅಂತರವಿರುವುದರಿಂದ ತುಮಕೂರಿನಲ್ಲಿ ಸೂರ್ಯೋದಯ ಎಂಟು ನಿಮಿಷ ತಡ. ಅಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು. ಹಗಲಿನಲ್ಲಿ ಸುಮಾರು 150 ಕಿ.ಮೀ. ಎತ್ತರದಿಂದ ಬರುವ ವಿಚಿತ್ರ ಪ್ರತಿಧ್ವನಿಗಳು ಇದಕ್ಕೆ ಉದಾಹರಣೆ. ಬಾಲ್ಸ್‌ಲೀ 1964ರಲ್ಲಿ ಹಿಕಮಾರ್ಕದಿಂದ ವರದಿ ಮಾಡಿದ ಈ ಪ್ರತಿಧ್ವನಿಗಳು ಬೆಳಿಗ್ಗೆ ಕೆಳಗಿಳಿಯುತ್ತ ಬಂದು ಮಧ್ಯಾಹ್ನದ ಬಳಿಕ ಮೇಲೇರಿ, ಕಂಠಹಾರದ ಆಕಾರವನ್ನು ತಳೆಯುತ್ತವೆ. ಗಾದಂಕಿಯಲ್ಲೂ ಅವು ದೊರೆತಿವೆ. ಸೂರ್ಯಕಿರಣ ಬಿಡಿಸಿದ ವೇಗದ ಎಲೆಕ್ಟ್ರಾನುಗಳೇ ಅವುಗಳ ಮೂಲವೆಂಬ ವಿವರಣೆ ಹೊರಬಂದದ್ದು 2016ರಲ್ಲಿ, ಅಂದರೆ ಅರ್ಧ ಶತಮಾನದ ಅನಂತರ. ಈ ಪ್ರತಿಧ್ವನಿಗಳ ವೇಗದಿಂದ ಹಗಲಿನಲ್ಲಿ ಅಯಾನುಗೋಳವನ್ನು ಮೇಲಕ್ಕೆತ್ತುವ ವಿದ್ಯುತ್‌ಕ್ಷೇತ್ರದ ಬಲವನ್ನು ಲೆಕ್ಕ ಹಾಕುತ್ತಾರೆ.

ಕೆಳಗಿನ ವಾಯುಮಂಡಲದ ವಿಷಯದಲ್ಲೂ ಹೀಗೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರ್ಯಾಯದ್ವೀಪದ ಮೇಲೆ ಸುಮಾರು 15 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಬೀಸುವ ಪ್ರಬಲ ಗಾಳಿಯನ್ನು ಗಾದಂಕಿಯ ರೇಡಾರ್ ಅಳೆಯುತ್ತದೆ. ಅದೇ ಪ್ರವಾಹ ತುಮಕೂರಿನ ಮೇಲೂ ಸಾಗುತ್ತದೆ. ಕುಣಿಗಲ್ ಕೆರೆಗೆ ನೀರು ತರುವಂಥ ಎತ್ತರದ ಮಳೆಮೋಡಗಳು ಸುತ್ತಲ ಗಾಳಿಯಲ್ಲಿ ಎಬ್ಬಿಸುವ ಅಲೆಗಳಲ್ಲಿ ಕೆಲವು ಮೇಲೇರುತ್ತ ಅಯಾನುಗೋಳದ ತಳವನ್ನು ತಲುಪಿ ಅಲ್ಲಿ ಏರಿಳಿತಗಳನ್ನು ಉಂಟುಮಾಡಬಲ್ಲವು.

ಸೂರ್ಯಾಸ್ತದ ಅನಂತರ

ಸೂರ್ಯಾಸ್ತದ ಮೇಲೆ ಈ ಸಾಮ್ಯ ಕದಡುತ್ತದೆ. ಆಗ ಅಯಾನುಗೋಳದ ಕೆಳಭಾಗ ಬೇಗನೆ ಕ್ಷೀಣಿಸುತ್ತದೆ. ಅದೇ ವೇಳೆಗೆ ಕಾಂತೀಯ ವಿಷುವದ್ರೇಖೆಯ ಮೇಲೆ ವಿದ್ಯುತ್‌ಕ್ಷೇತ್ರವು ಸ್ವಲ್ಪಕಾಲ ಪ್ರಬಲಗೊಂಡು ‘ಎಫ್’ ಪದರವನ್ನು ಮೇಲಕ್ಕೆತ್ತುತ್ತದೆ. ದಟ್ಟ ಪದರದ ಕೆಳಗೆ ವಿರಳ ಪದರ ಉಳಿಯುತ್ತದೆ. ಎಣ್ಣೆಯ ಮೇಲೆ ನೀರನ್ನು ನಿಲ್ಲಿಸಿದಂತಹ ಈ ಸ್ಥಿತಿ ಬಾಳುವಂಥದಲ್ಲ. ಕೆಳಗಿನ ವಿರಳ ಭಾಗ ಗುಳ್ಳೆಗಳಾಗಿ ದಟ್ಟ ಪದರವನ್ನು ಸೀಳಿಕೊಂಡು ನೂರಾರು ಕಿ.ಮೀ. ಮೇಲೇರುತ್ತದೆ. ಇವನ್ನು ಪ್ಲಾಸ್ಮಾ ಗುಳ್ಳೆಗಳೆಂದು ಕರೆಯುತ್ತಾರೆ. ಅಯನೋಸೋಂಡ್ ದಾಖಲೆಯಲ್ಲಿ ಇವುಗಳ ಕುರುಹು 1938ರಷ್ಟು ಹಿಂದೆಯೇ ಕಂಡಿತ್ತು. ಆದರೆ ಗುಳ್ಳೆಗಳು ಹೊಗೆಯ ಗರಿಯಂತೆ ಮೇಲೇರುವ ಚಿತ್ರವನ್ನು ವುಡ್‌ಮನ್ ಮತ್ತು ಲಾ ಹೋಸ್ 1976ರಲ್ಲಿ ಹಿಕಮಾರ್ಕ ರೇಡಾರಿನ ನೆರವಿನಿಂದ ಪ್ರಕಟಿಸಿದರು. ಪದರದ ತುದಿಯಾಚೆ ನೋಡಬಲ್ಲ ರೇಡಾರಿನಿಂದ ಮಾತ್ರ ಇದು ಸಾಧ್ಯವಿತ್ತು. ನಮ್ಮ ರೇಖಾಂಶಗಳಲ್ಲಿ ಇವು ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ, ಅದರಲ್ಲೂ ಸೌರಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ಅಧಿಕ.

ಗುಳ್ಳೆ ಕಾಂತರೇಖೆಗಳ ಉದ್ದಕ್ಕೂ ಚಾಚಿಕೊಳ್ಳುತ್ತದೆ. ತುಮಕೂರಿನ ಮೇಲೆ 300 ಕಿ.ಮೀ. ಎತ್ತರದಲ್ಲಿ ಹಾಯುವ ಕಾಂತರೇಖೆಯು ಕಾಂತೀಯ ವಿಷುವದ್ರೇಖೆಯ ಮೇಲೆ ಸುಮಾರು 370ರಿಂದ 400 ಕಿ.ಮೀ. ಎತ್ತರದಲ್ಲಿರುತ್ತದೆ. ಆದ್ದರಿಂದ ದಕ್ಷಿಣದಲ್ಲಿ ಅಷ್ಟು ಎತ್ತರಕ್ಕೇರಿದ ಗುಳ್ಳೆ ಮಾತ್ರ ತುಮಕೂರಿನ ಆಕಾಶವನ್ನು ತಟ್ಟುತ್ತದೆ.

ಹುಟ್ಟಿದ ಗುಳ್ಳೆ ನಿಂತಲ್ಲಿ ನಿಲ್ಲುವುದಿಲ್ಲ. ಸಂಜೆಯಿಂದ ಮಧ್ಯರಾತ್ರಿಯವರೆಗೆ ಅದು ಸಾಮಾನ್ಯವಾಗಿ ಸೆಕೆಂಡಿಗೆ ನೂರು ಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚಿನ ವೇಗದಲ್ಲಿ ಪೂರ್ವಕ್ಕೆ ಸಾಗುತ್ತದೆ. ಸೆಕೆಂಡಿಗೆ ನೂರು ಮೀಟರೆಂದು ಇಟ್ಟುಕೊಂಡರೆ, ಗುಬ್ಬಿಯಿಂದ ತುಮಕೂರಿನ ರೇಖಾಂಶ ತಲುಪಲು ಅದಕ್ಕೆ ಮೂರು ನಿಮಿಷ ಸಾಕು. ತುಮಕೂರಿನಿಂದ ಗಾದಂಕಿಗೆ ಮೂವತ್ತೆಂಟು ನಿಮಿಷ. ಅರ್ಥಾತ್ ತುಮಕೂರಿನ ಮೇಲೆ ಹಾದ ಗುಳ್ಳೆಯನ್ನು ಗಾದಂಕಿಯ ಉತ್ತರಮುಖ ಕಿರಣ ಕಾಣುವುದು ಅರ್ಧ ಗಂಟೆಗೂ ಮಿಗಿಲಾದ ವಿಳಂಬದ ಬಳಿಕ. ಹಗಲಿನಲ್ಲಿ ಎರಡೂ ಊರುಗಳಿಗೆ ಒಂದೇ ಆಗಿದ್ದ ವರ್ತಮಾನವು ರಾತ್ರಿ ತುಮಕೂರಿನ ಪಾಲಿಗೆ ಹಳೆಯ ಸುದ್ದಿಯಾಗುತ್ತದೆ.

ಈ ಕೊರತೆಯನ್ನು ಭಾಗಶಃ ತುಂಬುವ ಇನ್ನೊಂದು ಉಪಕರಣ 2010ರ ದಶಕದಲ್ಲಿ ಗಾದಂಕಿಯಲ್ಲೇ ಸ್ಥಾಪನೆಯಾಯಿತು. ಅದು 30 ಮೆಗಾಹರ್ಟ್ಸ್ ಆವೃತ್ತಿಯ ಅಯಾನುಗೋಳ ರೇಡಾರ್. ತನ್ನ ಕಿರಣವನ್ನು ಪೂರ್ವ-ಪಶ್ಚಿಮವಾಗಿ ವಿಶಾಲ ಕೋನದಲ್ಲಿ ಹೊರಳಿಸಿ, ಗುಳ್ಳೆಗಳ ಸಾಲನ್ನೂ ಅವುಗಳ ಚಲನೆಯನ್ನೂ ಅದು ಚಿತ್ರಿಸುತ್ತದೆ. ನೆತ್ತಿಯಿಂದ ಪಶ್ಚಿಮಕ್ಕೆ ಸುಮಾರು 37 ಡಿಗ್ರಿ ವಾಲಿದ ಕಿರಣವು 300 ಕಿ.ಮೀ. ಎತ್ತರವನ್ನು ಮುಟ್ಟುವ ವೇಳೆಗೆ ತುಮಕೂರಿನ ರೇಖಾಂಶದ ಮೇಲಿರುತ್ತದೆ ಎಂಬುದು ಸರಳ ತ್ರಿಕೋನಮಿತಿಯ ಲೆಕ್ಕ.

ನೆಲದ ಮೇಲಿನ ಪರಿಣಾಮ

ಉಪಗ್ರಹ ಆಧಾರಿತ ಸ್ಥಾನನಿರ್ಣಯವು ಸಂಕೇತ ತಲುಪುವ ಕಾಲವನ್ನು ಅವಲಂಬಿಸಿದೆ. ಅಯಾನುಗೋಳ ಆ ಸಂಕೇತವನ್ನು ತಡಮಾಡಿಸುತ್ತದೆ. ಒಂದು ಚದರ ಮೀಟರು ಅಡ್ಡಕೊಯ್ತದ ಕಂಬದಲ್ಲಿರುವ ಹತ್ತು ಸಾವಿರ ಲಕ್ಷಕೋಟಿ ಎಲೆಕ್ಟ್ರಾನುಗಳನ್ನು ಒಂದು ಮಾನವೆಂದು ಎಣಿಸಿದರೆ, ಜಿ.ಪಿ.ಎಸ್.ನ ಮುಖ್ಯ ಆವೃತ್ತಿಯಲ್ಲಿ ಪ್ರತಿಯೊಂದು ಮಾನಕ್ಕೂ ದೂರದ ಅಳತೆ 16 ಸೆಂಟಿಮೀಟರು ಹೆಚ್ಚುತ್ತದೆ. 50 ಮಾನಗಳಿದ್ದರೆ ಒಂದು ಉಪಗ್ರಹದ ದೂರದಲ್ಲಿ ಎಂಟು ಮೀಟರು ತಪ್ಪು ಬರುತ್ತದೆ. ಇದು ಗುಬ್ಬಿಯ ತೋಟದಲ್ಲಿ ಎರಡು ತೆಂಗಿನ ಮರಗಳ ನಡುವೆ ಬಿಡುವ ಅಂತರಕ್ಕೆ ಹೆಚ್ಚುಕಡಿಮೆ ಸಮ. ಎರಡು ಆವೃತ್ತಿಗಳನ್ನು ಹಿಡಿಯುವ ಉಪಕರಣಗಳು ಈ ತಪ್ಪನ್ನು ತಾವೇ ಕಳೆಯಬಲ್ಲವು. ಭೂಮಾಪಕರು ಬಳಸುವ ರೋವರ್‌ಗಳು ಗೊತ್ತಾದ ಸ್ಥಾನದಲ್ಲಿರುವ ಸಮೀಪದ ನಿಲ್ದಾಣದೊಂದಿಗೆ ಹೋಲಿಸಿ ಅದನ್ನು ನಿವಾರಿಸುತ್ತವೆ. ಹಗಲಿನ ಅಯಾನುಗೋಳ ದಟ್ಟವಾಗಿದ್ದರೂ ನಯವಾಗಿರುವುದರಿಂದ ಈ ವಿಧಾನಗಳು ಫಲಿಸುತ್ತವೆ.

ಗುಳ್ಳೆಯ ಅಂಚಿನಲ್ಲಿ ಆ ನಯ ಇರುವುದಿಲ್ಲ. ಅಲ್ಲಿ ಸಂಕೇತವು ನಕ್ಷತ್ರದಂತೆ ಮಿನುಗುತ್ತದೆ; ಕೆಲವೊಮ್ಮೆ ಗ್ರಾಹಕದ ಹಿಡಿತದಿಂದಲೇ ತಪ್ಪಿಹೋಗುತ್ತದೆ. ಇಸ್ರೋ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಕೂಡಿ ರೂಪಿಸಿದ ‘ಗಗನ್’ ವ್ಯವಸ್ಥೆಯು ವಿಮಾನಗಳಿಗೆ ಜಿ.ಪಿ.ಎಸ್. ತಿದ್ದುಪಡಿಗಳನ್ನು ಒದಗಿಸುತ್ತದೆ. ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಇಳಿಯುವ ವಿಮಾನಕ್ಕೆ ಲಂಬ ಮಾರ್ಗದರ್ಶನ ನೀಡಲು 2015ರ ಏಪ್ರಿಲ್‌ನಲ್ಲಿ ಅದಕ್ಕೆ ಮಾನ್ಯತೆ ದೊರೆಯಿತು. ಅಯಾನುಗೋಳದ ತಿದ್ದುಪಡಿಯನ್ನು ಅದು ಐದೈದು ಡಿಗ್ರಿ ಅಂತರದ ಜಾಲರಿಯ ಬಿಂದುಗಳಿಗೆ ಲೆಕ್ಕ ಹಾಕಿ ಪ್ರಸಾರ ಮಾಡುತ್ತದೆ. 10ರಿಂದ 15 ಡಿಗ್ರಿ ಅಕ್ಷಾಂಶ, 75ರಿಂದ 80 ಡಿಗ್ರಿ ರೇಖಾಂಶಗಳ ಒಂದೇ ಚೌಕದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್, ಬೆಂಗಳೂರು, ಗಾದಂಕಿ ಎಲ್ಲವೂ ಅಡಕವಾಗಿವೆ. ಒಂದೊಂದು ಬದಿ ಐನೂರು ಕಿ.ಮೀ.ಗೂ ಮಿಕ್ಕಿದ ಆ ಚೌಕದಲ್ಲಿ ನೂರು ಕಿ.ಮೀ. ಅಗಲದ ಗುಳ್ಳೆಯ ಆಕಾರ ನಿಖರವಾಗಿ ಮೂಡಲಾರದು. ಸಂದೇಹ ಬಂದಾಗ ವ್ಯವಸ್ಥೆಯು ದೋಷದ ಮಿತಿಯನ್ನು ಹಿಗ್ಗಿಸುತ್ತದೆ. ತಪ್ಪು ದಾರಿ ತೋರುವುದಕ್ಕಿಂತ ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು ಲೇಸೆಂಬುದೇ ಇದರ ತತ್ತ್ವ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಲೋಕಾರ್ಪಣೆಗೊಂಡಿದೆ. ಕತ್ತಲಾದ ಮೇಲೆ ಹಾರುವ ಹೆಲಿಕಾಪ್ಟರಿಗೆ ಉಪಗ್ರಹ ಸೇವೆ ಯಾವ ಗಂಟೆಯಲ್ಲಿ ಕೈಕೊಡಬಹುದೆಂಬ ಮುನ್ಸೂಚನೆ ಅಲಂಕಾರದ ಮಾಹಿತಿಯಲ್ಲ, ಸುರಕ್ಷತೆಯ ಅಂಗ.

ಪಶ್ಚಿಮದತ್ತ ನೋಡುವ ಅಗತ್ಯ

ಗುಳ್ಳೆಗಳು ಪಶ್ಚಿಮದಿಂದ ಪೂರ್ವಕ್ಕೆ ಸಾಗುವುದರಿಂದ ತುಮಕೂರಿಗೆ ಮುನ್ಸೂಚನೆ ಬರಬೇಕಾದದ್ದು ಕರಾವಳಿಯ ಕಡೆಯಿಂದ. ಮಂಗಳೂರು ತುಮಕೂರಿಗಿಂತ ಸುಮಾರು 240 ಕಿ.ಮೀ. ಪಶ್ಚಿಮಕ್ಕಿದೆ. ಅಲ್ಲಿ ಮಿನುಗಾಟವನ್ನು ದಾಖಲಿಸಿದರೆ ತುಮಕೂರಿಗೆ ಸುಮಾರು ನಲವತ್ತು ನಿಮಿಷ ಮೊದಲೇ ಎಚ್ಚರಿಕೆ ದೊರೆಯಬಹುದು. ತುಮಕೂರಿನ ದಾಖಲೆ ಗಾದಂಕಿಗೂ ಅದರಾಚೆಯ ಚೆನ್ನೈಗೂ ಇದೇ ರೀತಿ ನೆರವಾಗಬಲ್ಲದು. ದಾರಿಯಲ್ಲಿ ಹೊಸ ಗುಳ್ಳೆ ಹುಟ್ಟಬಹುದು, ಹಳೆಯದು ಅಳಿಯಬಹುದು, ಭೂಕಾಂತ ಬಿರುಗಾಳಿಯ ಕಾಲದಲ್ಲಿ ಚಲನೆಯ ದಿಕ್ಕೇ ಬದಲಾಗಬಹುದು. ಆದ್ದರಿಂದ ಒಂದೇ ಠಾಣೆಯನ್ನು ನಂಬುವಂತಿಲ್ಲ. ಠಾಣೆಗಳ ಸಾಲೇ ಬೇಕು.

ಇದಕ್ಕೆ ಪ್ರತಿ ಊರಿನಲ್ಲೂ ರೇಡಾರ್ ನಿಲ್ಲಿಸಬೇಕಾಗಿಲ್ಲ. ಎರಡು ಆವೃತ್ತಿಯ ಉಪಗ್ರಹ ಗ್ರಾಹಕವನ್ನು ಕಾಲೇಜಿನ ತಾರಸಿಯ ಮೇಲೆ ಇಡಬಹುದು. ರೇಡಾರ್ ಮತ್ತು ಗ್ರಾಹಕಗಳು ಒಂದಕ್ಕೊಂದು ಪೂರಕ. ಗಾದಂಕಿಯ ರೇಡಾರುಗಳು ಕಾಣುವುದು ಕೆಲವೇ ಮೀಟರು ಅಂತರದ ಏರುಪೇರುಗಳನ್ನು. ಉಪಗ್ರಹ ಸಂಕೇತವನ್ನು ಮಿನುಗಿಸುವುದು ಕೆಲವು ನೂರು ಮೀಟರು ಗಾತ್ರದವು. ಸಣ್ಣವು ಬೇಗ ಅಳಿಯುತ್ತವೆ, ದೊಡ್ಡವು ತಡವಾಗಿ. ರೇಡಾರ್ ಮೌನವಾದ ಮೇಲೂ ಸಂಕೇತ ಮಿನುಗುತ್ತಿರಬಹುದು. ಗುಳ್ಳೆ ಹುಟ್ಟಿ ಮೇಲೇರುವ ಬಗೆಯನ್ನು ರೇಡಾರ್ ಹೇಳುತ್ತದೆ. ಅದು ಎಲ್ಲಿಯವರೆಗೆ ಕಾಡಿತೆಂಬುದನ್ನು ಗ್ರಾಹಕ ಹೇಳುತ್ತದೆ.

ಈ ಭಾಗಕ್ಕೆ ರೇಡಿಯೋ ವೀಕ್ಷಣೆಯ ಪರಂಪರೆಯೂ ಇದೆ. ತುಮಕೂರಿನಿಂದ ಸುಮಾರು 45 ಕಿ.ಮೀ. ದೂರದ ಗೌರಿಬಿದನೂರಿನ ಬಳಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1970ರ ದಶಕದಲ್ಲಿ 34.5 ಮೆಗಾಹರ್ಟ್ಸ್‌ನ ವಿಶಾಲ ದೂರದರ್ಶಕವನ್ನು ನಿರ್ಮಿಸಿದವು. ಅದು ರೇಡಾರ್ ಅಲ್ಲ. ಅಲೆಗಳನ್ನು ಕಳುಹಿಸದೆ, ಸೂರ್ಯ ಮತ್ತು ತಾರಾಲೋಕದಿಂದ ಬಂದವನ್ನು ಆಲಿಸಲು ರಚಿತವಾದದ್ದು. ಆದರೆ ಅಷ್ಟು ಕಡಿಮೆ ಆವೃತ್ತಿಯ ಅಲೆಗಳನ್ನು ಅಯಾನುಗೋಳ ಬಲವಾಗಿ ಬಾಗಿಸುವುದರಿಂದ ಅಲ್ಲಿಯ ಖಗೋಳಜ್ಞರಿಗೆ ಅದು ದಿನನಿತ್ಯದ ತೊಡಕು. ಖಗೋಳಜ್ಞ ದೋಷವೆಂದು ಕಳೆಯುವುದನ್ನೇ ವಾಯುಮಂಡಲ ವಿಜ್ಞಾನಿ ಮಾಹಿತಿಯೆಂದು ಕೂಡಿಕೊಳ್ಳುತ್ತಾನೆ. ವಾಯವ್ಯದಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯದ ಆವರಣದಲ್ಲಿ 1999ರಲ್ಲಿ ಸ್ಥಾಪಿತವಾದ 1.98 ಮೆಗಾಹರ್ಟ್ಸ್ ರೇಡಾರ್ 80ರಿಂದ 100 ಕಿ.ಮೀ. ಎತ್ತರದ ಗಾಳಿಯನ್ನು ಅಳೆದಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಗಾದಂಕಿಯೂ ತುಮಕೂರೂ ಒಂದೇ ಅಕ್ಷಾಂಶದಲ್ಲಿರುವುದರಿಂದ ಹಗಲಿನ ಮೇಲಣ ವಾಯುಮಂಡಲದ ಬಗ್ಗೆ ಅಲ್ಲಿಯ ರೇಡಾರುಗಳು ನೀಡುವ ಜ್ಞಾನ ಇಲ್ಲಿಗೂ ಸಲ್ಲುತ್ತದೆ. ಎರಡು, ಸೂರ್ಯಾಸ್ತದ ಬಳಿಕ ಗುಳ್ಳೆಗಳು ಪೂರ್ವಕ್ಕೆ ಸಾಗುವುದರಿಂದ ಆ ಜ್ಞಾನ ತುಮಕೂರಿಗೆ ವಿವರಣೆಯಾಗಿ ಒದಗುತ್ತದೆ, ಎಚ್ಚರಿಕೆಯಾಗಿ ಒದಗುವುದಿಲ್ಲ. ಮೂರು, ಎಚ್ಚರಿಕೆ ಬೇಕಾದರೆ ಕರಾವಳಿಯಿಂದ ಬಯಲುಸೀಮೆಯವರೆಗೆ ಗ್ರಾಹಕಗಳ ಸಾಲೊಂದನ್ನು ಕಟ್ಟಿ ಅದನ್ನು ಗಾದಂಕಿಯ ರೇಡಾರುಗಳೊಂದಿಗೆ ಹೊಂದಿಸಬೇಕು. 1963ರಿಂದ ತಂತ್ರಜ್ಞಾನ ಶಿಕ್ಷಣ ನೀಡುತ್ತಿರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯವೂ ಇರುವ ಊರಿಗೆ ಇದು ಶಕ್ತಿಮೀರಿದ ಕಾರ್ಯವಲ್ಲ. ಅಂಥ ಸಾಲು ರೂಪುಗೊಂಡರೆ, ಗುಬ್ಬಿ ಮತ್ತು ಕುಣಿಗಲ್‌ಗಳ ಮೇಲೆ ಇಂದು ಸಂಜೆ ಹಾದ ಗುಳ್ಳೆಯ ಸುದ್ದಿ, ಅದು ಗಾದಂಕಿಯನ್ನು ತಲುಪುವ ಮೊದಲೇ ಅಲ್ಲಿಯ ವಿಜ್ಞಾನಿಗಳನ್ನು ತಲುಪುತ್ತದೆ.